ತಾಜಾ ಚಿಪ್ಪುಮೀನು: ಮನೆಯಲ್ಲಿ ಶುಚಿಗೊಳಿಸುವ ಕ್ರಮ

ಸಮುದ್ರತೀರದ ಜನರ ಆಹಾರದಲ್ಲಿ ಚಿಪ್ಪುಮೀನುಗಳಿಗೆ ಬಹುಕಾಲದಿಂದ ಸ್ಥಾನವಿದೆ. ಹೆಸರಿನಲ್ಲಿ ಮೀನು ಎಂದಿದ್ದರೂ ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಇವು ಮೀನುಗಳಲ್ಲ. ಎರಡು ಚಿಪ್ಪುಗಳ ನಡುವೆ ಮೆತ್ತಗಿನ ದೇಹವನ್ನು ಅಡಗಿಸಿಕೊಂಡ ಮರುವಾಯಿ, ನೀಲಿಕಲ್ಲು, ಕಲ್ವ ಮೊದಲಾದವು ಮೃದ್ವಂಗಿಗಳ ವರ್ಗಕ್ಕೆ ಸೇರಿದರೆ, ಗಟ್ಟಿಯಾದ ಹೊರಕವಚವುಳ್ಳ ಸಿಗಡಿ, ಏಡಿ ಮೊದಲಾದವು ಕಠಿಣಚರ್ಮಿಗಳ ವರ್ಗಕ್ಕೆ ಸೇರಿವೆ. ಇವುಗಳಲ್ಲಿ ಉತ್ತಮ ದರ್ಜೆಯ ಸಸಾರಜನಕವಿದೆ, ಕೊಬ್ಬು ಕಡಿಮೆ; ಮರುವಾಯಿಯಲ್ಲಿ ಕಬ್ಬಿಣಾಂಶವೂ ಬಿ-12 ಜೀವಸತ್ತ್ವವೂ ಹೇರಳವಾಗಿವೆ. ಆದರೆ ಬೇರೆ ಮಾಂಸಾಹಾರ ಪದಾರ್ಥಗಳಿಗೆ ಬೇಡವಾದಷ್ಟು ಎಚ್ಚರಿಕೆ ಇವುಗಳ ವಿಷಯದಲ್ಲಿ ಬೇಕಾಗುತ್ತದೆ. ಆ ಎಚ್ಚರಿಕೆಯ ಸ್ವರೂಪವೇನು, ಅದನ್ನು ಸಾಮಾನ್ಯ ಅಡುಗೆಮನೆಯಲ್ಲಿ ಹೇಗೆ ಪಾಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನವಿ ಮುಂಬಯಿಯ ಕಾಮೋಠೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಿಡ್ಕೋ ಸಂಸ್ಥೆ ಯೋಜಿಸಿದ ನಗರದ ಒಂದು ಭಾಗವಾಗಿ ಬೆಳೆದು, 2016ರಲ್ಲಿ ರಚಿತವಾದ ಪನ್ವೇಲ್ ಮಹಾನಗರಪಾಲಿಕೆಗೆ ಸೇರಿದ ಈ ಬಡಾವಣೆಯಲ್ಲಿ ಕನ್ನಡಿಗರ ಕುಟುಂಬಗಳೂ ನೆಲೆಸಿವೆ. ಒಂದೇ ಕಟ್ಟಡದಲ್ಲಿ ಉಡುಪಿ, ಕುಂದಾಪುರ, ಕಾರವಾರಗಳ ಕಡೆಯವರೂ ವಿಜಯಪುರ, ಕಲಬುರಗಿಗಳ ಕಡೆಯವರೂ ನೆರೆಹೊರೆಯವರಾಗಿರುವುದುಂಟು. ಮೊದಲಿನವರಿಗೆ ಚಿಪ್ಪುಮೀನು ಹುಟ್ಟಿನಿಂದ ಪರಿಚಿತ. ಎರಡನೆಯವರಲ್ಲಿ ಅನೇಕರು ಅದನ್ನು ಮೊದಲು ಕಂಡುದೇ ಇಲ್ಲಿನ ಮಾರುಕಟ್ಟೆಯಲ್ಲಿ. ಮೀನುಗಾರ ಕೋಳಿ ಸಮುದಾಯದ ಮಹಿಳೆಯರು (ಈ ಹೆಸರಿಗೂ ನಮ್ಮ ಕೋಳಿಗೂ ಯಾವ ಸಂಬಂಧವೂ ಇಲ್ಲ) ಬುಟ್ಟಿಯಲ್ಲಿಟ್ಟು ಮಾರುವ ತಿಸ್ರ್ಯಾ ಎಂದರೆ ನಮ್ಮ ಮರುವಾಯಿಯ ಬಳಗದ್ದೇ. ಕಾಲವೆ ಎಂದರೆ ಕಲ್ವ, ಕೋಳಂಬಿ ಎಂದರೆ ಸಿಗಡಿ, ಚಿಂಬೋರಿ ಎಂದರೆ ಏಡಿ. ಹೆಸರುಗಳ ಈ ವೈವಿಧ್ಯಕ್ಕೆ ಬೆರಗಾಗಬೇಕಾದುದಿಲ್ಲ. ನಮ್ಮ ಕರಾವಳಿಯಲ್ಲಿಯೇ ತುಳುನಾಡಿನ ಮರುವಾಯಿ ಬಡಗಣಕ್ಕೆ ಹೋದಂತೆ ಬಳಚು ಎನಿಸಿಕೊಳ್ಳುತ್ತದೆ, ಕೊಂಕಣಿಗರ ಬಾಯಲ್ಲಿ ಖುಬೆ, ತಿಸರೆ ಎಂದಾಗುತ್ತದೆ.

ಹೊಸದಾಗಿ ಕೊಳ್ಳುವವರು ಅಂಜಿಕೆಯಿಂದಲೇ ಎಚ್ಚರಿಕೆ ವಹಿಸುತ್ತಾರೆ. ತಪ್ಪುವ ಸಂಭವ ಹೆಚ್ಚಾಗಿರುವುದು ಬಲ್ಲವರಲ್ಲಿ. ಊರಿನಲ್ಲಿ ಅವರಿಗೆ ಹೊಳೆ ಗೊತ್ತಿತ್ತು, ಇಳಿತದ ವೇಳೆಯಲ್ಲಿ ಮರುವಾಯಿ ಹೆಕ್ಕುತ್ತಿದ್ದವರ ಗುರುತಿತ್ತು, ಬೆಳಗ್ಗೆ ಹೆಕ್ಕಿದ್ದು ಮಧ್ಯಾಹ್ನ ಒಲೆಯ ಮೇಲಿರುತ್ತಿತ್ತು. ಇಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. ತೊಳೆಯುವ ಕೈ ಹಳೆಯದೇ, ಆದರೆ ಚಿಪ್ಪಿನೊಳಗೆ ಹರಿದಿರುವ ನೀರು ಬೇರೆ.

ತೊಳೆದರೆ ಹೋಗುವುದು, ತೊಳೆದರೂ ಹೋಗದಿರುವುದು

ಮರುವಾಯಿ, ನೀಲಿಕಲ್ಲು, ಕಲ್ವಗಳು ಆಹಾರವನ್ನು ಅರಸಿಕೊಂಡು ಹೋಗುವ ಪ್ರಾಣಿಗಳಲ್ಲ. ತಾವಿರುವಲ್ಲಿಯೇ ಇದ್ದುಕೊಂಡು ನೀರನ್ನು ಒಳಕ್ಕೆ ಎಳೆದು, ಕಿವಿರುಗಳಲ್ಲಿ ಸೋಸಿ, ಅದರಲ್ಲಿ ತೇಲುವ ಸೂಕ್ಷ್ಮಸಸ್ಯಗಳನ್ನು ಉಳಿಸಿಕೊಂಡು ನೀರನ್ನು ಹೊರಕ್ಕೆ ಬಿಡುತ್ತವೆ. ಚೆನ್ನಾಗಿ ಬೆಳೆದ ಒಂದು ಕಲ್ವ ಗಂಟೆಗೆ ಕೆಲವು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಆದುದರಿಂದ ಆ ನೀರಿನಲ್ಲಿ ಏನಿದೆಯೋ ಅದರ ಒಂದು ಪಾಲು ಪ್ರಾಣಿಯ ದೇಹದಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ನಾವು ಸೇವಿಸುವುದು ಕೇವಲ ಮಾಂಸಖಂಡವನ್ನಲ್ಲ, ಕರುಳು, ಜಠರಸಹಿತವಾದ ಇಡೀ ದೇಹವನ್ನು ಎಂಬುದು ಇಲ್ಲಿ ಗಮನಾರ್ಹ.

ಹೀಗೆ ಸಂಗ್ರಹವಾಗುವವುಗಳಲ್ಲಿ ಮರಳು ಒಂದು. ಅದು ಹಲ್ಲಿಗೆ ಸಿಕ್ಕಿ ಕಿರಿಕಿರಿಯಾಗುತ್ತದೆಯೇ ಹೊರತು ಅಪಾಯಕಾರಿಯಲ್ಲ. ಉಪ್ಪುನೀರಿನಲ್ಲಿ ನೆನೆಸುವುದರಿಂದ ಹೋಗುತ್ತದೆ. ಎರಡನೆಯದು ಚರಂಡಿಯ ನೀರಿನಿಂದ ಬರುವ ರೋಗಾಣುಗಳು. ಇವು ತೊಳೆಯುವುದರಿಂದ ಹೋಗವು, ಚೆನ್ನಾಗಿ ಬೇಯಿಸುವುದರಿಂದ ಸಾಯುತ್ತವೆ. 1988ರಲ್ಲಿ ಚೀನಾದ ಶಾಂಘೈ ನಗರದಲ್ಲಿ ಹೆಪಟೈಟಿಸ್-ಎ ಎಂಬ ಕಾಮಾಲೆ ರೋಗವು ಕೆಲವೇ ವಾರಗಳಲ್ಲಿ ಸುಮಾರು ಮೂರು ಲಕ್ಷ ಜನರಿಗೆ ತಗುಲಿತು. ಕಲುಷಿತ ನೀರಿನಿಂದ ತಂದ ಚಿಪ್ಪುಮೀನುಗಳನ್ನು ಅಲ್ಲಿನ ಪದ್ಧತಿಯಂತೆ ಹಸಿಯಾಗಿಯೇ ಅಥವಾ ಅರೆಬೇಯಿಸಿ ತಿಂದುದು ಅದಕ್ಕೆ ಕಾರಣವಾಗಿತ್ತು. ಚಿಪ್ಪು ಬಾಯಿ ತೆರೆಯುವಷ್ಟು ಮಾತ್ರ ಬಿಸಿ ಮಾಡಿದರೆ ಈ ರೋಗಾಣು ನಾಶವಾಗುವುದಿಲ್ಲ. ಮಾಂಸದ ಒಳಭಾಗ 90 ಡಿಗ್ರಿ ಸೆಲ್ಸಿಯಸ್ ತಲುಪಿ, ಒಂದೂವರೆ ನಿಮಿಷವಾದರೂ ಆ ಶಾಖದಲ್ಲಿಯೇ ಇರಬೇಕು.

ಮೂರನೆಯದು ತೊಳೆದರೂ ಹೋಗದ, ಬೇಯಿಸಿದರೂ ನಾಶವಾಗದ ವಿಷ. ಕೆಲವು ಜಾತಿಯ ಸೂಕ್ಷ್ಮಸಸ್ಯಗಳು ನೀರಿನಲ್ಲಿ ಹಠಾತ್ತಾಗಿ ಹೆಚ್ಚಿದಾಗ ಅವುಗಳಲ್ಲಿರುವ ನರವಿಷವು ಚಿಪ್ಪುಮೀನುಗಳಲ್ಲಿ ಸಂಗ್ರಹವಾಗುತ್ತದೆ. ಪ್ರಾಣಿಗೆ ಅದರಿಂದ ಹಾನಿಯಿಲ್ಲ. ಅದು ಜೀವಂತವಾಗಿಯೇ ಇರುತ್ತದೆ, ನೋಟ, ವಾಸನೆ, ರುಚಿಗಳಲ್ಲಿ ಯಾವ ವ್ಯತ್ಯಾಸವೂ ಕಾಣದು. ಇದು ದೂರದೇಶದ ಸಂಗತಿಯಲ್ಲ. 1983ರಲ್ಲಿ, ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆಯ ಅಳಿವೆಯಲ್ಲಿ ಹೆಕ್ಕಿದ ಮರುವಾಯಿಯನ್ನು ತಿಂದ ಕೆಲವರು ಅಸ್ವಸ್ಥರಾಗಿ, ಒಬ್ಬ ಬಾಲಕ ಮೃತಪಟ್ಟನು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ವಿಜ್ಞಾನಿಗಳು ಇದನ್ನು ಅಭ್ಯಸಿಸಿ, ಇದು ಪಾರ್ಶ್ವವಾಯುವನ್ನು ಉಂಟುಮಾಡುವ ಚಿಪ್ಪುಮೀನಿನ ವಿಷದ ಪ್ರಕರಣವೆಂದು 1984ರಲ್ಲಿ ವರದಿ ಮಾಡಿದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲಿನ ಜಾತಿಯ ಚಿಪ್ಪುಮೀನನ್ನು ತಿಂದವರಲ್ಲಿ ಏಳು ಮಂದಿ ತೀರಿಕೊಂಡರು, ಐದುನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕುಂಬಳೆಯ ಮನೆಯಲ್ಲಿ ಮರುವಾಯಿಯನ್ನು ತೊಳೆದವರಿಗೆ ತೊಳೆಯಲು ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಅವರ ಕೈಯಲ್ಲಿ ತಪ್ಪಿರಲಿಲ್ಲ, ತಪ್ಪು ನೀರಿನಲ್ಲಿತ್ತು.

ಈ ವಿಷ ಏರಿದಾಗ ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಗೆ, ಮುಖಗಳಲ್ಲಿ ಜುಮುಜುಮು ಎನಿಸುತ್ತದೆ. ಅನಂತರ ಬೆರಳುಗಳು ಮರಗಟ್ಟುತ್ತವೆ, ನಡಿಗೆ ತೊದಲುತ್ತದೆ, ತೀವ್ರವಾದಲ್ಲಿ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ಆದರೆ ಕೃತಕ ಉಸಿರಾಟದ ಸೌಲಭ್ಯವುಳ್ಳ ಆಸ್ಪತ್ರೆಗೆ ಸಕಾಲದಲ್ಲಿ ಸೇರಿಸಿದರೆ ರೋಗಿಯು ಚೇತರಿಸಿಕೊಳ್ಳುತ್ತಾನೆ. ಆದುದರಿಂದ ತುಟಿ ಜುಮುಗುಟ್ಟಿದ ಕೂಡಲೇ, ಮಜ್ಜಿಗೆ ಕುಡಿಸಿ ನೋಡೋಣ, ಬೆಳಗಾಗಲಿ ಎಂದು ಕಾಲಹರಣ ಮಾಡದೆ ಹೊರಡತಕ್ಕದ್ದು. ಉಳಿದ ಚಿಪ್ಪುಮೀನನ್ನು ಎಸೆಯದೆ ಒಂದು ಡಬ್ಬಿಯಲ್ಲಿ ವೈದ್ಯರಿಗೆ ತೋರಿಸಲು ಒಯ್ಯುವುದು ಉಪಯುಕ್ತ. ಹುಣಸೆಹುಳಿ, ಅರಸಿನ, ಪುನರ್ಪುಳಿಗಳಿಂದ ಈ ವಿಷ ಮುರಿಯುತ್ತದೆ ಎಂದು ತಿಳಿಯುವುದಕ್ಕೆ ಯಾವ ಆಧಾರವೂ ಇಲ್ಲ.

ಕಾರ್ಖಾನೆಗಳ ತ್ಯಾಜ್ಯದಿಂದ ಬರುವ ಪಾದರಸ, ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳೂ ತೊಳೆದರೆ ಹೋಗುವವಲ್ಲ, ಬೇಯಿಸಿದರೆ ಅಳಿಯುವವೂ ಅಲ್ಲ. ಕಾಮೋಠೆಯ ವಾಸಿಗಳಿಗೆ ಈ ಮಾತು ಹತ್ತಿರದ್ದು. ತಳೋಜಾ ಕೈಗಾರಿಕಾ ಪ್ರದೇಶವನ್ನು ಹಾದು ಬರುವ ಕಾಸಾಡಿ ನದಿ ಈ ಭಾಗದ ಖಾಡಿಗೆ ಸೇರುತ್ತದೆ. 2017ರಲ್ಲಿ ತಳೋಜಾದ ಬೀದಿನಾಯಿಗಳ ಮೈ ಬಣ್ಣದ ಕಾರ್ಖಾನೆಯೊಂದರ ತ್ಯಾಜ್ಯದಿಂದ ನೀಲಿಯಾದ ಸುದ್ದಿ ದೇಶದಾದ್ಯಂತ ಪ್ರಕಟವಾಗಿತ್ತು. ನಾಯಿಯ ಮೈಮೇಲೆ ಬಣ್ಣ ಕಾಣಿಸಿತು; ಕೆಸರಿನಲ್ಲಿ ಹುದುಗಿರುವ ಚಿಪ್ಪುಮೀನಿನೊಳಗೆ ಸೇರಿದ್ದು ಕಾಣಿಸುವುದಿಲ್ಲ. ಭಾನುವಾರ ಮಕ್ಕಳೊಡನೆ ಕಾಂಡ್ಲಾ ಗಿಡಗಳ ನಡುವೆ ಇಳಿದು, ಊರಿನ ನೆನಪಿನಿಂದ ಒಂದು ಚೀಲ ಚಿಪ್ಪು ಹೆಕ್ಕಿ ತರುವ ಆಸೆ ಸಹಜವಾದುದಾದರೂ, ಈ ಖಾಡಿಯಲ್ಲಿ ಅದನ್ನು ಮಾಡಬಾರದು.

ಆದುದರಿಂದ ಶುಚಿಗೊಳಿಸುವ ಕೆಲಸದ ಮೊದಲ ಹೆಜ್ಜೆ ಅಡುಗೆಮನೆಯಲ್ಲಿಲ್ಲ, ಮಾರುಕಟ್ಟೆಯಲ್ಲಿದೆ. “ಮಾವಶೀ, ಮಾಲ ಕುಠಲಾ?” ಎಂದು ಕೇಳಿದರೆ ಸರಕು ಎಲ್ಲಿಯದೆಂದು ಮಾರುವಾಕೆ ಹೇಳುತ್ತಾಳೆ. ಕೊಂಕಣದ ದಕ್ಷಿಣಭಾಗದ ತೆರೆದ ಅಳಿವೆಗಳಿಂದ ಬಂದುದಕ್ಕೂ ನಗರದ ಖಾಡಿಯಲ್ಲಿ ಹೆಕ್ಕಿದುದಕ್ಕೂ ಬಹಳ ಅಂತರವಿದೆ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಆ ದಿನ ಸಿಗಡಿಯನ್ನೋ ಮೀನನ್ನೋ ಕೊಂಡು ಹಿಂದಿರುಗುವುದು ಲೇಸು. ಒಬ್ಬಳೇ ಮಾರಾಟಗಾರ್ತಿಯಲ್ಲಿ ವರ್ಷಗಟ್ಟಲೆ ಖರೀದಿಸುವವರಿಗೆ ಸತ್ಯವಾದ ಉತ್ತರ ಸಿಗುವ ಸಂಭವ ಹೆಚ್ಚು ಎಂಬುದು ಈ ಲೇಖಕನ ಅನುಭವ. ಮಳೆಗಾಲದಲ್ಲಿ ಹೊಳೆಯ ನೆರೆನೀರು ಊರಿನ ಕೊಳೆಯನ್ನೆಲ್ಲ ಅಳಿವೆಗೆ ತರುತ್ತದೆಯಾದ್ದರಿಂದ, ಮತ್ತು ನೀರಿನ ಉಪ್ಪು ಇಳಿದು ಚಿಪ್ಪುಮೀನುಗಳು ಸಾಯುವುದರಿಂದ, ಆ ತಿಂಗಳುಗಳಲ್ಲಿ ಇವನ್ನು ಬಿಡುವುದು ಉತ್ತಮ.

ಜೀವವಿರುವುದನ್ನು ಗುರುತಿಸುವ ಬಗೆ

ಚಿಪ್ಪುಮೀನು ಒಲೆಯ ಮೇಲೇರುವವರೆಗೂ ಜೀವಂತವಾಗಿರಬೇಕು. ಸತ್ತ ಕೂಡಲೇ ಅದರ ಜಠರದಲ್ಲಿರುವ ಬ್ಯಾಕ್ಟೀರಿಯಾಗಳು ಮಾಂಸಕ್ಕೆ ಹರಡಿ ಶೀಘ್ರವಾಗಿ ಕೊಳೆಯಿಸುತ್ತವೆ. ಒಂದು ಸಮಾಧಾನದ ಸಂಗತಿಯೆಂದರೆ, ಮೀನಿಗೆ ಫಾರ್ಮಲಿನ್ ಸವರಿ ತಾಜಾತನವನ್ನು ನಟಿಸುವಂತೆ ಚಿಪ್ಪುಮೀನಿಗೆ ಜೀವವನ್ನು ನಟಿಸಲು ಯಾರಿಂದಲೂ ಸಾಧ್ಯವಿಲ್ಲ.

ಬಾಯಿ ಬಿಗಿಯಾಗಿ ಮುಚ್ಚಿರುವುದು ಜೀವದ ಲಕ್ಷಣ. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ತಟ್ಟಬೇಕು, ಅಥವಾ ಇನ್ನೊಂದು ಚಿಪ್ಪಿನಿಂದ ಕುಟ್ಟಬೇಕು; ಜೀವವಿದ್ದರೆ ನಿಧಾನವಾಗಿಯಾದರೂ ಮುಚ್ಚಿಕೊಳ್ಳುತ್ತದೆ. ತಟ್ಟಿದರೂ ಮುಚ್ಚದ್ದನ್ನು, ಒಡೆದ ಚಿಪ್ಪನ್ನು, ಸಮುದ್ರದ ವಾಸನೆಗೆ ಬದಲಾಗಿ ಕೊಳೆತ ವಾಸನೆ ಬೀರುವುದನ್ನು ಕೂಡಲೇ ಬೇರ್ಪಡಿಸಬೇಕು. ಮುಚ್ಚಿರುವುದೆಲ್ಲ ಜೀವಂತವೆಂದು ನಂಬುವಂತೆಯೂ ಇಲ್ಲ. ಪ್ರಾಣಿ ಎಂದೋ ಸತ್ತು ಕರಗಿ, ಒಳಗೆ ಕರಿಗೆಸರು ಮಾತ್ರ ತುಂಬಿಕೊಂಡು, ಹೊರಗಿನಿಂದ ಚೊಕ್ಕವಾಗಿ ಮುಚ್ಚಿರುವ ಚಿಪ್ಪುಗಳು ಒಂದೆರಡು ಸೇರಿಕೊಂಡಿರುತ್ತವೆ. ಅಂತಹ ಒಂದೇ ಒಂದು ಪಾತ್ರೆಗೆ ಬಿದ್ದರೂ ಇಡೀ ಸಾರು ಕಪ್ಪಾಗಿ ಹಾಳಾಗುತ್ತದೆ. ಇದನ್ನು ಪತ್ತೆ ಮಾಡಲು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಚಿಪ್ಪನ್ನು ಹಿಡಿದು, ಎರಡು ಹೋಳುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಜಾರಿಸುವಂತೆ ಒತ್ತಬೇಕು. ಜೀವಂತವಾದುದು ಕದಲುವುದಿಲ್ಲ, ಕೆಸರುಚಿಪ್ಪು ಜಾರುತ್ತದೆ. ಎರಡು ಚಿಪ್ಪುಗಳನ್ನು ಒಂದಕ್ಕೊಂದು ತಾಗಿಸಿದಾಗ ಜೀವಂತವಾದವು ಕಲ್ಲಿಗೆ ಕಲ್ಲು ತಾಗಿದಂತೆ ನುಡಿಯುತ್ತವೆ, ಸತ್ತದ್ದರ ದನಿ ಬೋಳಾಗಿರುತ್ತದೆ. ಕರಾವಳಿಯ ಅಜ್ಜಿಯಂದಿರು ಮಾತನಾಡುತ್ತಲೇ ಒಂದೊಂದನ್ನೂ ಹೀಗೆ ನುಡಿಸಿ ನೋಡಿ ಬುಟ್ಟಿಗೆ ಹಾಕುವುದನ್ನು ಕಂಡವರಿಗೆ ಈ ವಿವರಣೆ ಬೇಕಾಗಿಲ್ಲ.

ಬಿಡಿಸಿದ ಕಲ್ವದ ಮಾಂಸವನ್ನು ನೀರಿನಲ್ಲಿಟ್ಟು ಮಾರುವುದೂ ಉಂಟು. ಅದಕ್ಕೆ ಈ ಯಾವ ಪರೀಕ್ಷೆಯೂ ಅನ್ವಯಿಸದು. ಕಣ್ಣೆದುರಿನಲ್ಲಿಯೇ ಬಿಡಿಸಿಕೊಟ್ಟರೆ ಮಾತ್ರ ಕೊಳ್ಳಬೇಕು.

ಮನೆಗೆ ತರುವಾಗ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಬಾರದು, ಉಸಿರುಗಟ್ಟಿ ಸಾಯುತ್ತವೆ. ಬಟ್ಟೆಯ ಚೀಲ ಒಳ್ಳೆಯದು. ಕೂಡಲೇ ಅಡುಗೆಗೆ ಉಪಯೋಗಿಸದಿದ್ದಲ್ಲಿ ಅಗಲವಾದ ಪಾತ್ರೆಯಲ್ಲಿ ಹರಡಿ, ಒದ್ದೆ ಬಟ್ಟೆ ಹೊದಿಸಿ, ರೆಫ್ರಿಜರೇಟರಿನ ಕೆಳಗಿನ ಭಾಗದಲ್ಲಿ ಇರಿಸಬೇಕು. ನೀರಿನಲ್ಲಿ ಮುಳುಗಿಸಿಡಬಾರದು. ಅಂದೇ ಬೇಯಿಸುವುದು ಎಲ್ಲಕ್ಕಿಂತ ಉತ್ತಮ, ಹೆಚ್ಚೆಂದರೆ ಮರುದಿನ.

ಮರಳು ಬಿಡಿಸುವುದು

ಮೊದಲು ತೆಂಗಿನ ನಾರಿನಿಂದ ಅಥವಾ ಗಟ್ಟಿ ಬ್ರಶ್ಶಿನಿಂದ ಚಿಪ್ಪಿನ ಹೊರಮೈಯನ್ನು, ವಿಶೇಷವಾಗಿ ಎರಡು ಹೋಳುಗಳು ಕೂಡುವ ಗೀರನ್ನು, ಹರಿಯುವ ನೀರಿನಡಿಯಲ್ಲಿ ಉಜ್ಜಿ ತೊಳೆಯಬೇಕು. ಒಳಗಿನ ಮರಳನ್ನು ಮಾತ್ರ ನಾವು ತೆಗೆಯಲಾಗದು. ಪ್ರಾಣಿಯೇ ಅದನ್ನು ಉಗುಳಬೇಕು. ಅದು ಉಗುಳಬೇಕಾದರೆ ತಾನು ಸಮುದ್ರದಲ್ಲಿಯೇ ಇರುವೆನೆಂದು ಅದಕ್ಕೆ ಅನಿಸಬೇಕು.

ಇಲ್ಲಿ ಸರ್ವೇಸಾಧಾರಣವಾಗಿ ಆಗುವ ತಪ್ಪು ನಲ್ಲಿಯ ಸಿಹಿನೀರಿನಲ್ಲಿ ನೆನೆಸಿಡುವುದು. ಈ ಲೇಖಕನು ಕಾಮೋಠೆಗೆ ಬಂದ ಹೊಸದರಲ್ಲಿ ಎರಡು ಕಿಲೋ ತಿಸ್ರ್ಯಾ ತಂದು, ಹೆಚ್ಚು ಹೊತ್ತು ನೆನೆದರೆ ಹೆಚ್ಚು ಶುಚಿಯಾಗುತ್ತವೆಂಬ ಲೆಕ್ಕಾಚಾರದಿಂದ ಬಕೆಟ್ಟಿನ ತುಂಬ ನಲ್ಲಿನೀರು ಹಿಡಿದು ರಾತ್ರಿಯಿಡೀ ಬಿಟ್ಟಿದ್ದುಂಟು. ಬೆಳಗ್ಗೆ ಅವೆಲ್ಲವೂ ಬಾಯಿ ತೆರೆದು ಸತ್ತಿದ್ದವು, ಮರಳು ಒಳಗೇ ಇತ್ತು. ಕೆಳಮನೆಯ ಕುಂದಾಪುರದ ಹಿರಿಯ ಗೃಹಿಣಿಯೊಬ್ಬರು ನೋಡಿ, “ಉಪ್ಪಿಲ್ದ ನೀರಂಗೆ ಬಳಚು ಬದುಕುತ್ತಾ ಮಾರಾಯ್ರೇ?” ಎಂದು ಕೇಳಿದ್ದೇ ಈ ವಿಷಯದ ಮೊದಲ ಪಾಠ. ಸಿಹಿನೀರು ತಾಗಿದೊಡನೆ ಪ್ರಾಣಿ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸಾಕಷ್ಟು ಹೊತ್ತು ಅದರಲ್ಲಿಯೇ ಇದ್ದರೆ ಸಾಯುತ್ತದೆ. ನಗರದ ನೀರಿನಲ್ಲಿರುವ ಕ್ಲೋರಿನ್ ಇದಕ್ಕೆ ಇನ್ನಷ್ಟು ಸಹಾಯಕ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಅಳಿವೆಯ ನೀರಿನಲ್ಲಿ ಅದಕ್ಕಿಂತ ಕಡಿಮೆ. ಮನೆಯ ಉಪಯೋಗಕ್ಕೆ ಒಂದು ಲೀಟರ್ ನೀರಿಗೆ 30 ಗ್ರಾಂ, ಎಂದರೆ ದೊಡ್ಡ ಚಮಚದಲ್ಲಿ ಎರಡಕ್ಕಿಂತ ತುಸು ಕಡಿಮೆ, ಕಲ್ಲುಪ್ಪಿನ ಪುಡಿ ಸಾಕು. ಹಿಂದಿನ ರಾತ್ರಿ ಅಗಲಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟ ನೀರಾದರೆ ಕ್ಲೋರಿನ್ ಬಹುಮಟ್ಟಿಗೆ ಆರಿಹೋಗಿರುತ್ತದೆ. ಉಪ್ಪು ಪೂರ್ತಿ ಕರಗಿದ ಮೇಲೆ ಚಿಪ್ಪುಗಳನ್ನು ಒಂದು ಜಾಲರಿ ಪಾತ್ರೆಯಲ್ಲಿ ಹರಡಿ, ಆ ಪಾತ್ರೆಯನ್ನು ಉಪ್ಪುನೀರಿನ ಬೋಗುಣಿಯಲ್ಲಿ ತಳಕ್ಕೆ ತಾಗದಂತೆ ಇಡಬೇಕು. ಜಾಲರಿಯ ಉದ್ದೇಶ ಸ್ಪಷ್ಟ: ಉಗುಳಿದ ಮರಳು ಕೆಳಗೆ ಬೀಳಬೇಕು, ಪ್ರಾಣಿ ಅದನ್ನೇ ಮತ್ತೆ ಒಳಗೆಳೆದುಕೊಳ್ಳಬಾರದು. ನೀರು ಚಿಪ್ಪುಗಳನ್ನು ಮುಚ್ಚುವಷ್ಟು ಮಾತ್ರ ಇರಲಿ; ಆಳವಾದ ನೀರಿನಲ್ಲಿ ಒಂದರ ಮೇಲೊಂದು ರಾಶಿ ಹಾಕಿದರೆ ಕೆಳಗಿನವುಗಳಿಗೆ ಆಮ್ಲಜನಕ ಸಾಲದು. ಮೇಲೊಂದು ಬಟ್ಟೆ ಹೊದಿಸಿ ಕತ್ತಲೆ ಮಾಡಿ, ತಂಪಾದ ಮೂಲೆಯಲ್ಲಿ ಎರಡು-ಮೂರು ಗಂಟೆ ಅಲುಗಾಡಿಸದೆ ಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಚಿಪ್ಪಿನ ನಡುವಿನಿಂದ ಎರಡು ಸಣ್ಣ ನಳಿಗೆಗಳು ಹೊರಚಾಚಿ ನೀರು ಚಿಮ್ಮಿಸುವುದನ್ನು ಮಕ್ಕಳಿಗೆ ತೋರಿಸಬಹುದು. ನಡುವೆ ಒಮ್ಮೆ ನೀರು ಬದಲಾಯಿಸಬೇಕು. ತೆಗೆಯುವಾಗ ಜಾಲರಿಯನ್ನು ಎತ್ತಿಕೊಳ್ಳಬೇಕೇ ಹೊರತು ಎಲ್ಲವನ್ನೂ ಒಟ್ಟಿಗೆ ಬಗ್ಗಿಸಬಾರದು. ಇಷ್ಟಾದ ಮೇಲೆಯೂ ಹೊರಗೆ ಕಾಣದ ಕೆಲವು ಕಣಗಳು ಉಳಿಯಬಹುದು. ಅವನ್ನು ಮುಂದೆ ಸೋಸುವಾಗ ತೆಗೆಯಬಹುದು.

ಹೀಗೆ ನೆನೆಸುವುದನ್ನು ರೋಗಾಣುಗಳನ್ನು ತೆಗೆಯುವ ವಿಧಾನವೆಂದು ಭಾವಿಸಬಾರದು. ಶುದ್ಧೀಕರಣ ಕೇಂದ್ರಗಳಲ್ಲಿ ಸಂಸ್ಕರಿಸಿದ ಶುದ್ಧ ಸಮುದ್ರದ ನೀರನ್ನು ಒಂದೆರಡು ದಿನ ನಿರಂತರವಾಗಿ ಹಾಯಿಸಿ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತಾರೆ. ಅಲ್ಲಿಯೂ ಲೋಹಗಳೂ ನರವಿಷವೂ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ನೀಲಿಕಲ್ಲಿನಲ್ಲಿ ಮರಳು ಕಡಿಮೆ. ಅದು ಬಂಡೆಗೆ ಅಂಟಿಕೊಂಡು ಬೆಳೆಯುತ್ತದೆ. ಅಂಟಿಕೊಳ್ಳಲು ಅದು ನೇಯ್ದ ನಾರಿನ ಗಡ್ಡವೊಂದು ಚಿಪ್ಪಿನ ಸಂದಿಯಿಂದ ಹೊರಗೆ ಕಾಣುತ್ತದೆ. ಒಣಬಟ್ಟೆಯಿಂದ ಅದನ್ನು ಹಿಡಿದು, ಚಿಪ್ಪಿನ ಕೀಲಿನ ಕಡೆಗೆ ಎಳೆದು ಕಿತ್ತುಹಾಕಬೇಕು. ಕಿತ್ತೊಡನೆ ಪ್ರಾಣಿಗೆ ಗಾಯವಾಗುವುದರಿಂದ ಈ ಕೆಲಸ ಬೇಯಿಸುವ ಮುನ್ನವೇ ಹೊರತು ಗಂಟೆಗಳ ಮೊದಲಲ್ಲ.

ಚಿಪ್ಪು ತೆರೆದು ಬೇಯಿಸುವುದು

ಕರಾವಳಿಯ ಮನೆಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿಯಾಗಿಯೇ ಬಿಡಿಸುವುದು ಪದ್ಧತಿ. ಚಿಪ್ಪಿನ ಸಂದಿಯನ್ನು ಕತ್ತಿಯ ಅಲಗಿಗೆ ಒತ್ತಿ ಎರಡು ಹೋಳು ಮಾಡಿ, ಮಾಂಸವನ್ನೆಲ್ಲ ಒಂದು ಹೋಳಿನಲ್ಲಿ ಉಳಿಸಿ, ಬರಿದಾದುದನ್ನು ಎಸೆಯುತ್ತಾರೆ. ಒಸರುವ ನೀರು ಕೆಳಗಿಟ್ಟ ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ. ರುಚಿಯ ಬಹುಭಾಗ ಅದರಲ್ಲಿರುವುದರಿಂದ ಚೆಲ್ಲಬಾರದು. ಮುಂಬಯಿಯ ಮಾರುಕಟ್ಟೆಗಳಲ್ಲಿ ಕೇಳಿದರೆ ಇದನ್ನೇ ಮಾಡಿಕೊಡುತ್ತಾರೆ. ಅಭ್ಯಾಸವಿಲ್ಲದವರು ಚಾಕುವಿನಿಂದ ಈ ಸಾಹಸಕ್ಕೆ ಕೈಹಾಕದಿರುವುದು ಒಳ್ಳೆಯದು. ಅಂಗೈಗೆ ಆಗುವ ಗಾಯ ಚಿಕ್ಕದಾದರೂ, ಉಪ್ಪುನೀರಿನಲ್ಲಿರುವ ಕೆಲವು ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳು ಗಾಯದ ಮೂಲಕ ಪ್ರವೇಶಿಸಿ, ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಲ್ಲಿ ಪ್ರಾಣಾಪಾಯವನ್ನುಂಟುಮಾಡಬಲ್ಲವು. ಅಂಥವರು ರಬ್ಬರ್ ಕೈಗವಸು ಧರಿಸಬೇಕು.

ಬೇರೆಯವರಿಗೆ ಹಬೆಯ ವಿಧಾನವೇ ಸುಲಭ. ದಪ್ಪ ತಳದ ಪಾತ್ರೆಯಲ್ಲಿ ಒಂದು ಬೆರಳು ಎತ್ತರದ ನೀರು ಕುದಿಸಿ, ಚಿಪ್ಪುಗಳನ್ನು ಹಾಕಿ ಮುಚ್ಚಬೇಕು. ಕೆಲವು ನಿಮಿಷಗಳಲ್ಲಿ ಅವು ಒಂದೊಂದಾಗಿ ಬಾಯಿ ಬಿಡುತ್ತವೆ. ಬಾಯಿ ಬಿಟ್ಟುದೆಂದರೆ ಬೆಂದಿತೆಂದು ಅರ್ಥವಲ್ಲ. ಶಾಂಘೈಯಲ್ಲಿ ಆದ ತಪ್ಪು ಅದೇ. ಎಲ್ಲವೂ ತೆರೆದ ಮೇಲೆ ಮತ್ತೆ ಮೂರರಿಂದ ಐದು ನಿಮಿಷ ಕುದಿಯಬೇಕು. ಕೊನೆಯವರೆಗೂ ತೆರೆಯದವನ್ನು ಬಲವಂತದಿಂದ ಬಿಡಿಸದೆ ಎಸೆಯಬೇಕು. ಪಾತ್ರೆಯಲ್ಲಿ ಉಳಿದ ನೀರನ್ನು ತೆಳುಬಟ್ಟೆಯಲ್ಲಿ ಸೋಸಿ, ತಳದ ಒಂದೆರಡು ಚಮಚವನ್ನು ಹಾಗೆಯೇ ಬಿಟ್ಟುಬಿಟ್ಟರೆ ಉಳಿದಿದ್ದ ಮರಳೂ ಅದರಲ್ಲಿ ನಿಲ್ಲುತ್ತದೆ. ಈ ನೀರಿನಲ್ಲಿ ಉಪ್ಪು ಇರುವುದರಿಂದ ಮಸಾಲೆಗೆ ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿ ಹಾಕತಕ್ಕದ್ದು. ಮರುವಾಯಿ ಪುಂಡಿಯಲ್ಲಿ ಅಕ್ಕಿಯ ಉಂಡೆಗಳು ಮಸಾಲೆಯಲ್ಲಿ ಬಹಳ ಹೊತ್ತು ಬೇಯುವುದರಿಂದ ಈ ದೃಷ್ಟಿಯಿಂದ ಅದೊಂದು ಸುರಕ್ಷಿತ ಅಡುಗೆ. ಸುಕ್ಕದಲ್ಲಿ ಮಾತ್ರ ಮಾಂಸ ಗಟ್ಟಿಯಾದೀತೆಂದು ಬೇಗ ಇಳಿಸುವ ಅಭ್ಯಾಸವಿದೆ. ಹಸಿಯಾಗಿ ಬಿಡಿಸಿದ ಮರುವಾಯಿಯಾದರೆ ಹಾಗೆ ಮಾಡಬಾರದು.

ಸಿಗಡಿ, ಏಡಿ

ಸಿಗಡಿ ಹೆಚ್ಚಾಗಿ ಮಂಜುಗಡ್ಡೆಯಲ್ಲಿಯೇ ಬರುವುದರಿಂದ ಇಲ್ಲಿ ಜೀವದ ಪ್ರಶ್ನೆಯಿಲ್ಲ. ತಲೆ ದೇಹಕ್ಕೆ ಬಿಗಿಯಾಗಿ ಅಂಟಿಕೊಂಡಿರಬೇಕು, ಮೈ ಅರೆಪಾರದರ್ಶಕವಾಗಿರಬೇಕು, ಅಮೋನಿಯಾದ ಘಾಟು ಇರಬಾರದು. ಕವಚದ ಮೇಲೆ ಕಪ್ಪು ಚುಕ್ಕೆಗಳು ಮಾತ್ರ ಕಂಡರೆ ಅದು ಕಿಣ್ವದಿಂದಾದ ಬಣ್ಣವೇ ಹೊರತು ಕೊಳೆತುದರ ಗುರುತಲ್ಲ. ಜೀರ್ಣಾಂಗಗಳು ತಲೆಯಲ್ಲಿರುವುದರಿಂದ ಕೆಡುವುದು ಅಲ್ಲಿಂದಲೇ ಆರಂಭ. ಮನೆಗೆ ತಂದೊಡನೆ ಮೊದಲು ತಲೆ ತೆಗೆಯಬೇಕು. ಹಣೆಯ ಗರಗಸದಂತಹ ಮುಳ್ಳು ಚುಚ್ಚದಂತೆ ಎಚ್ಚರವಿರಲಿ. ಕಾಲುಗಳ ಕಡೆಯಿಂದ ಕವಚ ಬಿಡಿಸಿ, ಬೆನ್ನಿನ ಮೇಲೆ ತೆಳುವಾಗಿ ಸೀಳಿದರೆ ಕಪ್ಪು ದಾರದಂತಹ ಕರುಳು ಕಾಣುತ್ತದೆ. ದೊಡ್ಡ ಸಿಗಡಿಯಲ್ಲಿ ಅದನ್ನು ತೆಗೆಯಲೇಬೇಕು. ಕೊನೆಗೆ ಒಮ್ಮೆ ಬೇಗನೆ ತೊಳೆದರೆ ಸಾಕು, ನೀರಿನಲ್ಲಿ ನೆನೆಸಿಟ್ಟರೆ ರುಚಿ ಹೋಗುತ್ತದೆ.

ಏಡಿಯನ್ನು ಜೀವಂತವಾಗಿಯೇ ಕೊಳ್ಳಬೇಕು, ಕೊಂಬುಗಳನ್ನು ಕಟ್ಟಿಸಿಕೊಂಡು ತರಬೇಕು. ಅಮಾವಾಸ್ಯೆಯ ಏಡಿಯಲ್ಲಿ ಮಾಂಸ ಹೆಚ್ಚೆಂಬ ಮಾತು ಕೊಂಕಣದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಇದೆ. ಪಂಚಾಂಗ ನೋಡುವುದಕ್ಕಿಂತ ಕೆಳಹೊಟ್ಟೆಯನ್ನು ಹೆಬ್ಬೆರಳಿನಿಂದ ಅದುಮುವುದು ನಂಬಲರ್ಹ. ಪೊರೆ ಕಳಚಿದ ಏಡಿ ಒಳಕ್ಕೆ ತಗ್ಗುತ್ತದೆ, ಗಾತ್ರಕ್ಕೆ ತಕ್ಕ ಭಾರವೂ ಇರುವುದಿಲ್ಲ. ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು ಹೊತ್ತ ಹೆಣ್ಣನ್ನು ಕೊಳ್ಳದಿರುವುದು ಮುಂದಿನ ವರ್ಷದ ಏಡಿಗೆ ನಾವು ಮಾಡುವ ಉಪಕಾರ. ಜೀವಂತ ಏಡಿಯನ್ನು ಕತ್ತರಿಸಲು ಹೋಗಿ ಬೆರಳು ಕೊಡುವುದಕ್ಕೆ ಬದಲಾಗಿ, ಚಲನೆ ಪೂರ್ತಿ ನಿಲ್ಲುವವರೆಗೆ ಮುಕ್ಕಾಲು ಗಂಟೆಯಷ್ಟು ಫ್ರೀಜರಿನಲ್ಲಿಟ್ಟರೆ ಅದು ಜಡವಾಗುತ್ತದೆ. ಏಡಿಗೂ ನೋವು ಕಡಿಮೆ. ಅನಂತರ ಬೆನ್ನಡಿ ಮಾಡಿ ಹೊಟ್ಟೆಯ ಮಡಿಕೆಯನ್ನು ಬಿಡಿಸಿ ಕಿತ್ತು, ಹಿಂಭಾಗದಲ್ಲಿ ಹೆಬ್ಬೆರಳು ತೂರಿಸಿ ಮೇಲಿನ ಚಿಪ್ಪನ್ನು ಎತ್ತಬೇಕು. ಎರಡೂ ಬದಿಗಳಲ್ಲಿ ಗರಿಯಂತೆ ಕಾಣುವ ಬೂದುಬಣ್ಣದ ಕಿವಿರುಗಳನ್ನೂ ಬಾಯಿಯ ಹಿಂದಿನ ಜಠರವನ್ನೂ ತೆಗೆದುಹಾಕಬೇಕು. ನಡುವಣ ಹಳದಿ ಪದಾರ್ಥವನ್ನು ಅನೇಕರು ಇಷ್ಟಪಟ್ಟು ತಿನ್ನುತ್ತಾರೆ. ಅದು ಕೊಬ್ಬಲ್ಲ, ಜೀರ್ಣಗ್ರಂಥಿ. ಲೋಹಗಳು ಸಂಗ್ರಹವಾಗುವುದು ಅಲ್ಲಿಯೇ. ನಗರದ ಖಾಡಿಯ ಏಡಿಯಾದರೆ ಅದನ್ನು ಬಿಡುವುದೇ ಸರಿ. ದೇಹವನ್ನು ನಡುವೆ ಎರಡಾಗಿಸಿ, ಕೊಂಬುಗಳಿಗೆ ಮಸಾಲೆ ಹಿಡಿಯುವಂತೆ ಗುಂಡುಕಲ್ಲಿನಿಂದ ಒಂದು ಪೆಟ್ಟು ಕೊಟ್ಟರೆ ಸಿದ್ಧತೆ ಮುಗಿಯಿತು.

ಸಿಗಡಿ, ಏಡಿಗಳನ್ನು ಮೊದಲ ಬಾರಿಗೆ ತಿನ್ನುವವರು ಅಲ್ಪ ಪ್ರಮಾಣದಿಂದ ಆರಂಭಿಸಬೇಕು. ಕೆಲವರಿಗೆ ಇವು ಒಗ್ಗದೆ ಮೈಯಲ್ಲಿ ದದ್ದು, ತುಟಿಯ ಬಾವು, ಉಬ್ಬಸ ಉಂಟಾಗಬಹುದು. ಒಗ್ಗದಿರುವಿಕೆಗೆ ಕಾರಣವಾದ ಸಸಾರಜನಕವು ಬೇಯಿಸಿದರೂ ನಾಶವಾಗುವುದಿಲ್ಲ. ಬಯಲುಸೀಮೆಯ ನೆರೆಯವರನ್ನು ಊಟಕ್ಕೆ ಕರೆಯುವ ಕರಾವಳಿಯವರು ಬಡಿಸುವ ಮುನ್ನ ಒಮ್ಮೆ ವಿಚಾರಿಸುವುದು ಸೌಜನ್ಯವೂ ಹೌದು.

ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು, ಬೇಸಿಗೆಯ ಕಡುಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು, ಹೊರಗಿಡಬಾರದು. ಹಸಿ ಚಿಪ್ಪುಮೀನಿಗೆ ಬಳಸಿದ ಮಣೆ, ಚಾಕು, ಬೋಗುಣಿಗಳನ್ನು ಸಾಬೂನು ಮತ್ತು ಬಿಸಿನೀರಿನಿಂದ ತೊಳೆದ ಬಳಿಕವೇ ತರಕಾರಿಗೆ ಉಪಯೋಗಿಸಬೇಕು. ಉಳಿಯುವ ಚಿಪ್ಪಿನ ರಾಶಿ ಫ್ಲಾಟಿನ ಕಸದ ಡಬ್ಬಿಯಲ್ಲಿ ಒಂದು ರಾತ್ರಿ ಕಳೆದರೆ ಮೆಟ್ಟಿಲಿಗೆಲ್ಲ ವಾಸನೆ ಹಬ್ಬುತ್ತದೆ. ಊರಿನಲ್ಲಿ ಇವನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಗೋಡೆಗೂ ಅದೇ, ಎಲೆಯಡಿಕೆಗೂ ಅದೇ. ಇಲ್ಲಿ ಅವನ್ನು ತೊಳೆದು, ಬಾಲ್ಕನಿಯ ಬಿಸಿಲಿನಲ್ಲಿ ಎರಡು ದಿನ ಒಣಗಿಸಿದರೆ, ಹೂಕುಂಡಗಳ ತಳದಲ್ಲಿ ನೀರು ಬಸಿಯಲು ಹೆಂಚಿನ ಚೂರಿಗೆ ಬದಲಾಗಿ ಹಾಕಬಹುದು.